ಕತ್ತರಿ ಮುಟ್ಟದ ಒಂದು ಗಿಡ

ಅವಳು ಗೇಟು ದಾಟಿ ತೋಟಕ್ಕೆ ಕಾಲಿಟ್ಟಾಗ ಒಬ್ಬ ಗಂಡಸು ಒಣಗಿ ನಿಂತ ಬೇಲಿಯೊಳಗೆ ಮೊಣಕೈವರೆಗೆ ಕೈ ತೂರಿಸಿಕೊಂಡು, ಅವಳೇ ಆಸ್ಪತ್ರೆಗೆ ಬರೆದಿದ್ದ ಹಳೆಯ ಪತ್ರವನ್ನು ಹೆಣ್ಣುದನಿಯಲ್ಲಿ ಒಪ್ಪಿಸುತ್ತಿದ್ದ.

“ಈ ಸಸ್ಯವು ಶತಮಾನಗಳಿಂದ ಅರಮನೆಗಳ ಉದ್ಯಾನಗಳಿಗೆ ಶೋಭೆ ತಂದಿದೆ... ವರ್ಷವಿಡೀ ಹಸಿರಾಗಿರುತ್ತದೆ... ತಮಗೆ ಚಿಂತೆ ಬೇಡ...”

ಮೂಗಿನಿಂದ ಹೊರಟ ದನಿ. ಪ್ರತಿ ವಾಕ್ಯದ ತುದಿಗೆ, ಜಾರಿದ ಕನ್ನಡಕ ಮೇಲೇರಿಸಿಕೊಂಡಂಥ ಒಂದು ಸಣ್ಣ ತಡೆ.

ಅವಳು ಜಾರಿದ ಕನ್ನಡಕ ಮೇಲೇರಿಸಿಕೊಂಡಳು.

ಕಲ್ಲುಬೆಂಚಿನ ಮೇಲೆ ಕಪ್ಪು ಕನ್ನಡಕದ ಮುದುಕರೊಬ್ಬರು ಕೋಲು ಕುಟ್ಟಿ ಕುಟ್ಟಿ ನಗುತ್ತಿದ್ದರು. ಆಮೇಲೇನಾಯ್ತು ಅಂತ ಕೇಳಿದರು.

“ಆಮೇಲೇನಜ್ಜ, ಬಾಕ್ಸ್‌ವುಡ್ ಅಂತ ಬಾಕ್ಸಲ್ಲಿ ಬಂತು. ಎರಡು ಬೇಸಿಗೆ ಕಂಡು ಬಾಕ್ಸಲ್ಲೇ ಹೊರಡ್ತಾ ಇದೆ. ಚಳಿ ದೇಶದ ಗಿಡ ಇದು. ಈ ಬಿಸಿಲಿಗೆ ಇದನ್ನ ಆರಿಸಿದ ಮಹಾತಾಯಿ ಯಾವ ಫ್ಯಾನ್ ಕೆಳಗೆ ಕೂತಿದ್ರೋ.”

“ಫ್ಯಾನ್ ಕೆಟ್ಟಿತ್ತು,” ಅಂದಳು ಅವಳು ಹಿಂದಿನಿಂದ. “ಆ ಮಹಾತಾಯಿ ನಾನೇ.”

ನಗು ನಿಂತಿತು. ಅವನು ಕೈ ಎಳೆದುಕೊಳ್ಳಲು ಹೋದ. ಬರಲಿಲ್ಲ. ಒಣಕಡ್ಡಿಗಳು ಶರ್ಟಿನ ತೋಳನ್ನು ಹಿಡಿದುಕೊಂಡಿದ್ದವು.

ಇವನು ಓಡಿಹೋಗಿದ್ದರೆ ಅವಳಿಗೆ ಬೈಯುವುದು ಸುಲಭವಾಗುತ್ತಿತ್ತು. ಹೀಗೆ ಸಿಕ್ಕಿಬಿದ್ದವನಿಗೆ ಏನಂತ ಬೈಯುವುದು? ಅವಳು ಬಗ್ಗಿ, ಒಂದೊಂದೇ ಕಡ್ಡಿ ಮುರಿದು, ತೋಳು ಬಿಡಿಸಿಕೊಟ್ಟಳು. ಅವನ ಕಿವಿಗಳು ಕೆಂಪಾಗುವುದನ್ನು ಕಂಡಳು. ಅಜ್ಜನಿಗೆ ಕಾಣಲಿಲ್ಲ, ಆದರೂ ಗೊತ್ತಾಯಿತು.

“ಕತ್ತರಿ, ಎಲ್ಲಿ ಹೋಯ್ತೋ ನಿನ್ನ ಬಾಯಿ?”

ಅವನಿಗೆ ಎಲ್ಲರೂ ಕತ್ತರಿ ಅಂತಲೇ ಕರೆಯುತ್ತಿದ್ದರು. ಆ ಕಣ್ಣಿನ ಆಸ್ಪತ್ರೆಗೆ ಹೊಸದಾಗಿ ಬಂದ ಹೆಡ್ ಮಾಲಿ. ತೋಟಗಾರಿಕೆ ಓದಿದವನು. ಗಿಡಕ್ಕೆ ಒಂದು ಕತ್ತರಿ, ಮನುಷ್ಯರಿಗೆ ಇನ್ನೊಂದು, ಎರಡನೆಯದು ಬಾಯಲ್ಲಿ. ಡಾಕ್ಟರು, ನರ್ಸು, ವಾಚ್‌ಮನ್ನು, ವಾಚ್‌ಮನ್ನಿನ ಕೆಮ್ಮು... ಯಾರ ದನಿಯೂ ಅವನ ಗಂಟಲಿಗೆ ಹೊರತಲ್ಲ.

ಇವಳು ತೋಟಗಳ ನಕ್ಷೆ ಬರೆಯುವವಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ನಕ್ಷೆ ಮೇಡಂ.

ಆ ತೋಟ ನೋಡಲು ಮಾಡಿದ್ದಲ್ಲ, ಮುಟ್ಟಲು ಮಾಡಿದ್ದು.

ಗೆರೆ ಎಳೆದಂಥ ನಾಲ್ಕು ದಾರಿಗಳು, ಚೌಕ ಮಡಿಗಳು, ನಡುವೆ ದುಂಡನೆಯ ನೀರಿನ ತೊಟ್ಟಿ. ದಾರಿಯ ಅಂಚಿಗೆ ಸೊಂಟದೆತ್ತರದ ಹಸಿರು ಬೇಲಿ. ದೃಷ್ಟಿ ಮಂಜಾಗುತ್ತಿರುವವರು ಒಂದು ಕೈಯನ್ನು ಬೇಲಿಯ ಮೇಲೆ ಜಾರಿಸುತ್ತ, ಇನ್ನೊಂದು ಕೈಯ ಕೋಲನ್ನು ಬೇಲಿಯ ಬುಡಕ್ಕೆ ತಾಗಿಸುತ್ತ, ಒಬ್ಬರೇ ನಡೆಯುವುದನ್ನು ಮತ್ತೆ ಕಲಿಯುತ್ತಿದ್ದರು. ಅವಳು ಎಳೆದ ನಕ್ಷೆಗಳಲ್ಲೆಲ್ಲ ಅವಳಿಗೆ ಹೆಚ್ಚು ಪ್ರೀತಿಯದು ಅದು.

ಆದರೆ ಗಿಡವನ್ನು ಅವಳು ಪುಸ್ತಕ ನೋಡಿ ಆರಿಸಿದ್ದಳು. ಚಂದದ ಚಿತ್ರವಿತ್ತು. ಎರಡನೇ ಬೇಸಿಗೆಗೆ ಬೇಲಿಯಲ್ಲಿ ಹಲ್ಲುದುರಿದ ಬಾಯಿಯಂತೆ ಸಂದಿಗಳು ಬಿದ್ದವು. ಅಂಥ ಒಂದು ಸಂದಿಯಲ್ಲಿ ಕೈಗೆ ಆಸರೆ ತಪ್ಪಿ ಬಿದ್ದು ಮೊಣಕೈ ಮುರಿದುಕೊಂಡವರು, ಈಗ ಬೆಂಚಿನ ಮೇಲೆ ನಗುತ್ತಿದ್ದ ಇದೇ ಮುದುಕರು. ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಟೈಲರಜ್ಜ.

ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಅವಳನ್ನು ಕರೆಸಿದ್ದು ಆ ಕಾರಣಕ್ಕೇ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

“ಒಂದು ವರ್ಷ ಕೊಡ್ತೀನಿ. ಸೊಂಟದೆತ್ತರ ಇರಬೇಕು, ಸಂದಿ ಇರಬಾರದು, ಕೈಗೆ ಚುಚ್ಚಬಾರದು. ಮೊದಲು ಒಂದು ಸಾಲು ಬೆಳೆಸಿ ತೋರಿಸು. ಆಗಲಿಲ್ಲ ಅಂದ್ರೆ ಎಲ್ಲ ಕಿತ್ತು ಸ್ಟೀಲ್ ಕಂಬಿ ಹಾಕಿಸ್ತೀನಿ.”

ಕಂಬಿ... ಮಧ್ಯಾಹ್ನದ ಬಿಸಿಲಿಗೆ ಕಾದ ಕಂಬಿ. ಕೈಯಿಟ್ಟವರು ಒಮ್ಮೆ ಬೆಚ್ಚಿ ತೆಗೆದರೆ ಮತ್ತೆ ತೋಟಕ್ಕೆ ಬರುತ್ತಾರೆಯೇ?

ಬರುವುದಿಲ್ಲ. ಅವಳಿಗೆ ಗೊತ್ತಿತ್ತು.

* * *

ಮರುವಾರ ಕತ್ತರಿ ತನ್ನ ಸಾಮಾನಿನ ಕೋಣೆಯ ಉದ್ದ ಮೇಜಿನ ಮೇಲೆ ಎಂಟು ಕುಂಡಗಳನ್ನು ಸಾಲಾಗಿ ಇಟ್ಟಿದ್ದ. ಎಲ್ಲವೂ ನಿತ್ಯಹಸಿರಿನವು, ಎಲ್ಲವೂ ಬಿಸಿಲಿಗೆ ಹೆದರದವು. ಅವಳು ಪೆನ್ನು, ಪುಸ್ತಕ, ಅಳತೆಯ ಟೇಪು ತೆಗೆದಳು. ಅವನು ಒಗೆದು ಮಡಿಸಿದ ಒಂದು ಟವೆಲ್ ಮುಂದೆ ಹಿಡಿದ.

“ಕಣ್ಣು ಕಟ್ಕೊಳ್ಳಿ.”

“ಏನ್ರೀ?”

“ಕಳೆದ ಸಲ ಕಣ್ಣು ಆರಿಸ್ತು. ಈ ಸಲ ಕೈ ಆರಿಸ್ಲಿ.”

ಸಿಟ್ಟು ಬರಬೇಕಿತ್ತು. ಆದರೆ ಅವಳಲ್ಲಿ ಕುತೂಹಲ ಯಾವಾಗಲೂ ಸಿಟ್ಟಿಗಿಂತ ಒಂದಿಂಚು ಎತ್ತರ. ಅವಳು ಕನ್ನಡಕ ತೆಗೆದಿಟ್ಟು ಟವೆಲ್ ಕಟ್ಟಿಕೊಂಡಳು. ಸೋಪು ಮತ್ತು ಬಿಸಿಲಿನ ವಾಸನೆ.

ಮೊದಲ ಕುಂಡ. ಮೆತ್ತಗಿದೆ ಅನ್ನುವಷ್ಟರಲ್ಲಿ ಚುಚ್ಚಿತು.

“ಡ್ಯುರಾಂಟ. ಬೇಗ ಬೆಳೆಯತ್ತೆ, ಬಂಗಾರದ ಬಣ್ಣ. ಆದ್ರೆ ಎಲೆ ಹಿಂದೆ ಮುಳ್ಳು, ಕಾಯಲ್ಲಿ ವಿಷ. ನರ್ಸರಿ ಇಟ್ಟಿರೋ ನಮ್ಮ ಸೋದರಮಾವ ಇದನ್ನ ದುರಂತ ಅಂತಲೇ ಕರೀತಾರೆ.”

ಎರಡನೆಯದನ್ನು ಮುಟ್ಟುತ್ತಲೇ ಬೆರಳಿಗೆ ಏನೋ ಅಂಟಿತು. ಸಣ್ಣೆಲೆಯ ಫೈಕಸ್. ಮುರಿದಲ್ಲಿ ಹಾಲು ಸುರಿಸುತ್ತದೆ, ಬೇರು ದಾರಿಯ ಕಲ್ಲನ್ನೇ ಎತ್ತುತ್ತದೆ ಅಂದ. ಮೂರನೆಯದರ ಹತ್ತಿರ ಕೈ ಹೋಗುವ ಮೊದಲೇ ಅವನು ಕುಂಡ ಸರಿಸಿದ; ಕಣಗಿಲೆ, ಅದರ ಮೈಯೆಲ್ಲ ನಂಜು, ಸುಮ್ಮನೆ ನಿಮ್ಮ ಪರೀಕ್ಷೆಗೆ ಇಟ್ಟಿದ್ದೆ ಅಂತ ನಕ್ಕ. ದಾಸವಾಳ ಕೈಗೆ ಸಡಿಲವಾಗಿ ಸಿಕ್ಕಿತು. ಮುಳ್ಳಿನ ಕವಳೆ ಹಸ್ತಲಾಘವ ಕೊಡುವ ನೆಪದಲ್ಲಿ ರಕ್ತ ತೆಗೆಯಿತು. ಆರನೆಯದರ ಎಲೆ ಒರಟು.

ಏಳನೆಯದರ ಮೇಲೆ ಅವಳ ಕೈ ನಿಂತಿತು.

ಸಣ್ಣ, ನುಣುಪು ಎಲೆಗಳು. ತಣ್ಣಗಿವೆ. ಕೈ ಸವರಿದರೆ ಹಿಂದಕ್ಕೆ ಬಾಗಿ ಮತ್ತೆ ಏಳುತ್ತವೆ, ಬೆಕ್ಕಿನ ಬೆನ್ನಿನ ಹಾಗೆ. ಎಲ್ಲೋ ಒಂದು ಮೊಗ್ಗು ಒಡೆದಿರಬೇಕು... ಕಿತ್ತಳೆ ತೋಟದ ಮೇಲೆ ಹಾದು ಬಂದ ಗಾಳಿಯಂಥ ಪರಿಮಳ.

“ಇದು.”

“ಕಾಮಿನಿ,” ಅಂದ ಅವನು. ದನಿ ಹತ್ತಿರದಲ್ಲೇ ಇತ್ತು. “ಒಳ್ಳೆ ಆಯ್ಕೆ. ಸ್ವಲ್ಪ ನಿಧಾನ, ಅಷ್ಟೇ.”

“ನಿಮ್ಮ ಆಯ್ಕೆ ಯಾವುದು?”

ಎಂಟನೆಯದು. ಸಣ್ಣೆಲೆಯ ಕೇಪಳ. ಗಟ್ಟಿ ಎಲೆ, ಬುಡದಿಂದಲೇ ಒತ್ತೊತ್ತಾಗಿ ಕವಲೊಡೆಯುವ ಗಿಡ, ಗೊಂಚಲು ಗೊಂಚಲು ಹೂವು.

ಹಾಗಾಗಿ ಎರಡು ಸಾಲು ಹಾಕುವುದೆಂದಾಯಿತು. ಹನ್ನೆರಡು ಕಾಮಿನಿ, ಹನ್ನೆರಡು ಕೇಪಳ, ದಾರಿಯ ಎರಡು ಬದಿಗೆ, ವಧೂವರರ ಕಡೆಯವರ ಹಾಗೆ ಎದುರುಬದುರು. ಈ ಹೋಲಿಕೆ ಟೈಲರಜ್ಜನದು. ಅವರು ಹೇಳಿದಾಗ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

ಅವಳು ವಾರಕ್ಕೊಮ್ಮೆ ಬರಬೇಕಿತ್ತು, ಎರಡು ಸಲ ಬಂದಳು. ಮೂರು ಸಲವೂ ಬಂದಳು. ಮಣ್ಣು ಯಾಕೆ ಬುಡದಲ್ಲಿ ಏರಿಸಬಾರದು, ಬೇಲಿ ಮೇಲೆ ಕಿರಿದಾಗಿ ಬುಡದಲ್ಲಿ ಯಾಕೆ ಅಗಲವಿರಬೇಕು... ಎಲ್ಲ ಕೇಳಿದಳು. ಬುಡಕ್ಕೆ ಬಿಸಿಲು ತಾಗದಿದ್ದರೆ ಕೆಳಗಿನ ಎಲೆ ಮುನಿಸಿಕೊಂಡು ಮನೆ ಬಿಡತ್ತೆ ಅಂದ. ಡಾಕ್ಟರಮ್ಮನ ದನಿಯಲ್ಲಿ ಗಿಡಗಳಿಗೆ ಬೈದು ನೀರು ಹಾಕಿದ. ಅವಳು ನಕ್ಕು ನಕ್ಕು ಟೇಪು ಮರೆತು ಹೋದಳು.

ಒಂದು ಮಾತು ಮಾತ್ರ ಅವಳನ್ನು ಕೊರೆಯುತ್ತಿತ್ತು.

“ನನ್ನ ದನಿ ಮಾಡಿ ನೋಡೋಣ. ಅವತ್ತು ಕೇಳದೇನೇ ಮಾಡಿದ್ರಲ್ಲ.”

“ಅವತ್ತು ಫೋನಲ್ಲಿ ಕೇಳಿದ್ದೆ ಅಷ್ಟೇ, ನಿಮ್ಮನ್ನ ನೋಡಿರಲಿಲ್ಲ.”

“ಈಗ?”

“ಈಗ ಬರಲ್ಲ.”

ವಾಚ್‌ಮನ್ನಿನ ಕೆಮ್ಮು ಬರುತ್ತದೆ, ನನ್ನ ದನಿ ಬರುವುದಿಲ್ಲವೇ? ಅವಳು ಬಸ್ಸಿನಲ್ಲಿ ಕೂತು ಯೋಚಿಸಿದಳು. ನನ್ನಲ್ಲಿ ಅಣಕಿಸುವಂಥದ್ದು ಏನೂ ಇಲ್ಲವೋ? ಅಥವಾ ಅಷ್ಟು ಗಮನವೇ ಇಲ್ಲವೋ? ಇಳಿಯುವ ಜಾಗ ದಾಟಿ ಎರಡು ಸ್ಟಾಪು ಮುಂದೆ ಹೋಗಿತ್ತು.

* * *

ಏಳನೇ ತಿಂಗಳಿಗೆ ಕಾಮಿನಿ ಸೊಂಟ ಮುಟ್ಟಿತು. ಅವಳು ಸಾಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡಳು. ಗೆದ್ದೆ ಅಂತಲೇ ಲೆಕ್ಕ.

ಅಷ್ಟರಲ್ಲಿ ಬೇರೆ ಊರಿನಲ್ಲಿ ಒಂದು ಕಾಲೇಜಿನ ತೋಟದ ಕೆಲಸ ಬಂದು ಆರು ವಾರ ಹೋಗಬೇಕಾಯಿತು. ನಾಲ್ಕನೇ ವಾರ ಕತ್ತರಿಯ ಫೋನ್ ಬಂತು. ಸುತ್ತಲೂ ಜೆಸಿಬಿ ಸದ್ದು. ಕಾಮಿನಿ ಮೇಲೆ ಮೇಲೆ ಹೋಗಿದೆ, ಬುಡದಲ್ಲಿ ಬೋಳಾಗುತ್ತಿದೆ, ಮಳೆ ಹಿಡಿಯುವ ಮೊದಲು ಒಂದು ಸಲ ಗಟ್ಟಿ ಕತ್ತರಿ ಹಾಕಬೇಕು ಅಂದ. ಅವಳಿಗೆ ಕೇಳಿಸಿದ್ದು ‘ಕತ್ತರಿ’ ಒಂದೇ. ಸೊಂಟಕ್ಕೆ ಬಂದಿರುವ ಬೇಲಿಗೆ ಯಾರಾದರೂ ಕತ್ತರಿ ಹಾಕುತ್ತಾರೆಯೇ?

“ನಾನು ಬರೋವರೆಗೆ ಕತ್ತರಿ ಮುಟ್ಟಿಸಬೇಡಿ,” ಅಂದು ಇಟ್ಟಳು.

ಊರಿಗೆ ಬಂದವಳು ಮನೆಗೂ ಹೋಗದೆ ಬ್ಯಾಗು ಸಮೇತ ನೇರ ತೋಟಕ್ಕೆ ಬಂದಳು.

ದಾರಿಯ ಎಡಕ್ಕೆ ಅವನ ಕೇಪಳ, ಸೊಂಟದೆತ್ತರ, ಹೂವು ತುಂಬಿ ನಿಂತಿತ್ತು. ಬಲಕ್ಕೆ...

ಬಲಕ್ಕೆ ಗೇಣುದ್ದದ ಹನ್ನೊಂದು ಮೋಟುಗಳು. ಒಂದೇ ಒಂದು ಎಲೆ ಇಲ್ಲ. ಸಾಲಿನ ಕೊನೆಯಲ್ಲಿ ಒಂದು ಗಿಡ ಮಾತ್ರ ಮೊದಲಿನಷ್ಟೇ ಎತ್ತರ ನಿಂತಿತ್ತು. ಅಣಕಿಸಲು ಬಿಟ್ಟಂತೆ.

ಅವಳ ಕೈಯಿಂದ ಬ್ಯಾಗು ಜಾರಿತು. ಡಾಕ್ಟರಮ್ಮನ ಪರೀಕ್ಷೆಗೆ ಇನ್ನು ಮೂರೂವರೆ ತಿಂಗಳು.

ಕತ್ತರಿ ಓಡಿ ಬಂದ. ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ. ಡಾಕ್ಟರಮ್ಮ ವರಾಂಡದಲ್ಲಿದ್ದರು, ಇಬ್ಬರು ನರ್ಸುಗಳಿದ್ದರು, ಯಾವುದೂ ಅವಳಿಗೆ ಕಾಣಲಿಲ್ಲ.

“ಬೇಲಿಯೇ ಎದ್ದು ಹೊಲ ಮೇಯೋದು ಅಂತ ಕೇಳಿದ್ದೆ. ಬೇಲಿ ಕಾಯೋನೇ ಬೇಲಿ ಮೇಯ್ದಿದ್ದು ಇವತ್ತೇ ನೋಡಿದ್ದು. ನಿಮ್ಮ ಸಾಲು ಗೆಲ್ಲಬೇಕು ಅಂತಿದ್ರೆ ಬಾಯಿ ಬಿಟ್ಟು ಹೇಳಬಹುದಿತ್ತಲ್ರೀ. ನಾನೇ ಕಿತ್ತು ಕೊಡ್ತಿದ್ದೆ.”

ಅವನ ಗಂಟಲಲ್ಲಿ ಬೇರೆ ಯಾರ ದನಿಯೂ ಉಳಿದಿರಲಿಲ್ಲ.

“ನೀವು ಬೇಡ ಅಂದಿದ್ರಿ. ನಾನು ಮಾಡಿದೆ. ಅದು ನಿಜ,” ಅಂದ ಕೊನೆಗೆ. “ಗೆಲ್ಲೋಕೆ ಮಾಡಿದ್ದು ಅನ್ನೋದು ನಿಜ ಅಲ್ಲ. ಮೂರು ತಿಂಗಳು ನೋಡಿ.”

“ನೋಡೋಕೆ ಏನು ಉಳಿಸಿದ್ದೀರ?”

ಅಂದು ಸಂಜೆ ಅವಳು ಅಮ್ಮನ ಎದುರು ಕೂತು ಎಲ್ಲ ಹೇಳಿ ಅತ್ತಳು. ಅಮ್ಮ ನಿವೃತ್ತ ಗಣಿತ ಮೇಡಂ. ಅಳುವಿನ ನಡುವೆಯೂ ಉತ್ತರ ತಾಳೆ ನೋಡುವವರು. ಕತ್ತರಿಸಿದ್ದು ಒಂದೇ ಎತ್ತರಕ್ಕೋ, ಹೇಗೆಂದರೆ ಹಾಗೋ ಅಂತ ಕೇಳಿದರು. ಒಂದೇ ಎತ್ತರಕ್ಕೆ, ಒಂದು ಗೇಣಿಗೆ, ಓರೆಯಾಗಿ, ನೀಟಾಗಿ ಅಂದಳು ಇವಳು.

“ಸಿಟ್ಟಿಗೋ ಮೋಸಕ್ಕೋ ಕತ್ತರಿಸೋರು ಅಷ್ಟು ನೀಟಾಗಿ ಕತ್ತರಿಸ್ತಾರೇನೇ? ನಿನಗೆ ನಾಲ್ಕು ವರ್ಷ ಇದ್ದಾಗ ಬೇಸಿಗೇಲಿ ಹೇನು ಅಂತ ತಲೆ ನುಣ್ಣಗೆ ಬೋಳಿಸಿದ್ದೆ. ನನ್ನ ಮುಖ ನೋಡದೆ ಎರಡು ದಿನ ಮಂಚದ ಕೆಳಗೆ ಕೂತಿದ್ದೆ ನೀನು. ಈಗ ಆ ಜಡೆ ಹಿಡ್ಕೊಂಡು ಕಣ್ಣೊರೆಸ್ಕೋತಿದ್ದೀಯ ನೋಡು.”

ಅವಳು ಜಡೆ ಬಿಟ್ಟಳು. ಉತ್ತರ ತಾಳೆಯಾಗಲಿಲ್ಲ. ಆದರೆ ಎಲ್ಲೋ ಒಂದು ಪ್ರಶ್ನೆ ಚಿಗುರಿತು.

* * *

ಅವನೊಡನೆ ಮಾತಿಲ್ಲ. ಆದರೆ ತೋಟಕ್ಕೆ ಹೋಗದೆ ಇರಲಾಗಲಿಲ್ಲ. ಸಿಟ್ಟು ಮುಂದಿನ ಗೇಟಿನಿಂದ ಹೊರಟರೆ ಕುತೂಹಲ ಹಿಂದಿನ ಗೇಟಿನಿಂದ ಒಳಗೆ ಬರುತ್ತಿತ್ತು.

ಮೊದಲ ವಾರ ಮೋಟುಗಳ ಮೇಲೆ ಸಾಸಿವೆಯಂಥ ಹಸಿರು ಚುಕ್ಕೆಗಳು ಕಂಡವು. ಅವಳು ಎಣಿಸಿದಳು. ಒಂದು ಕಡ್ಡಿ ಇದ್ದಲ್ಲಿ ನಾಲ್ಕು, ಐದು. ಮೂರನೇ ವಾರ ಅವು ಚಿಗುರಾದವು, ಕೆಂಪು ಕೆಂಪಾಗಿ. ಎರಡು ತಿಂಗಳಿಗೆ ಬುಡ ಕಾಣದಂತೆ ಮುಚ್ಚಿಕೊಂಡವು. ಅವಳು ಪುಸ್ತಕದಲ್ಲಿ ಬರೆದಳು, ಅಡಿಗೆರೆ ಹಾಕಿದಳು, ಪುಸ್ತಕ ಮುಚ್ಚಿದಳು. ದೂರದಲ್ಲಿ ಅವನು ಬೇರೆ ಮಡಿಗೆ ನೀರು ಹಾಕುತ್ತಿರುತ್ತಿದ್ದ. ಈಗ ಯಾರ ದನಿಯಲ್ಲೂ ಬೈಯುತ್ತಿರಲಿಲ್ಲ. ಗಿಡಗಳಿಗೂ ಬೇಜಾರಾಗಿದೆ ಅಂತ ಟೈಲರಜ್ಜ ದೂರು ಕೊಟ್ಟರು.

ಚಿಗುರಿದ್ದು ನಿಜ. ಆದರೆ ಎತ್ತರ? ಸೊಂಟಕ್ಕೆ ಬಂದಿದ್ದುದನ್ನು ಗೇಣಿಗೆ ಇಳಿಸಿದವನು ಗೆಲ್ಲುವುದಂತೂ ಅವನೇ ತಾನೇ?

ಪರೀಕ್ಷೆಗೆ ಒಂದು ವಾರ ಇರುವಾಗ ಆ ಬೆಳಿಗ್ಗೆ ಬಂತು.

ಟೈಲರಜ್ಜ ಕೇಪಳದ ಸಾಲಿನ ಮೇಲೆ ಕೈ ಜಾರಿಸುತ್ತ ಗತ್ತಿನಿಂದ ಬರುತ್ತಿದ್ದರು. ಇದ್ದಕ್ಕಿದ್ದಂತೆ ಕೋಲು ಬಿಸಾಡಿ ಕೈ ಕೊಡವತೊಡಗಿದರು. ಅವಳು ಒಂದು ಕಡೆಯಿಂದ, ಕತ್ತರಿ ಇನ್ನೊಂದು ಕಡೆಯಿಂದ ಓಡಿದರು. ಅಜ್ಜನ ಮುಂಗೈ ತುಂಬ ಕೆಂಪಿರುವೆ. ಹೂವಿನ ಗೊಂಚಲ ಹಿಂದೆ, ಎಲೆಗೆ ಎಲೆ ಸೇರಿಸಿ ಬಿಳಿ ನೂಲಿನಲ್ಲಿ ಹೊಲಿದಂಥ ಗೂಡು.

ನೀರು ಸುರಿದು ಒರೆಸಿದ್ದಾಯಿತು. ಅಜ್ಜನಿಗೆ ಉರಿಗಿಂತ ಅವಮಾನ ಹೆಚ್ಚಾಗಿತ್ತು.

“ಐವತ್ತು ವರ್ಷ ಹೊಲಿದೆ ಕಣೋ. ಕೊನೆಗೆ ನಮ್ಮ ಕಸುಬಿನವರೇ ಕಚ್ಚಿಬಿಟ್ರಲ್ಲೋ.”

ಮೂವರೂ ನಕ್ಕರು. ನಗು ಮುಗಿದಾಗ ಅವಳಿಗೂ ಅವನಿಗೂ ತಾವು ಮಾತಾಡುವುದಿಲ್ಲ ಅನ್ನುವುದು ನೆನಪಾಯಿತು.

ಅವನು ಗೂಡಿದ್ದ ಕೊಂಬೆ ಕತ್ತರಿಸಿ ಕೈಯಲ್ಲಿ ಹಿಡಿದು ಹೊರಟ. ಈಗ ಗೂಡು ಎಸೆಯುತ್ತಾನೆ, ಒಂದಿಷ್ಟು ಔಷಧಿ ಹೊಡೆಯುತ್ತಾನೆ, ವಾರದಲ್ಲಿ ಪರೀಕ್ಷೆ ಮುಗಿಯುತ್ತದೆ ಅಂದುಕೊಂಡಳು. ಆದರೆ ಅವನು ಕಸದ ಗುಂಡಿಯ ಕಡೆ ತಿರುಗಲಿಲ್ಲ. ಡಾಕ್ಟರಮ್ಮನ ಕೋಣೆಯ ಮೆಟ್ಟಿಲು ಹತ್ತಿದ.

ಕದ್ದು ಕೇಳುವುದು ತಪ್ಪು. ಅವಳು ಬಾಗಿಲ ಪಕ್ಕ ನಿಂತು ಕೇಳಿದಳು.

“ಹೂವು ಬಿಟ್ಟಾಗಲೆಲ್ಲ ಇರುವೆ ಬರತ್ತೆ ಡಾಕ್ಟರಮ್ಮ. ಔಷಧಿ ಹೊಡೆದ್ರೆ ಅದು ಇವರ ಕೈಗೇ ಅಂಟತ್ತೆ. ನಮ್ಮ ಸೋದರಮಾವ ಹೇಳಿದ್ರು, ನನ್ನ ಗಿಡ ಅನ್ನೋ ಮೋಹದಲ್ಲಿ ಕಿವಿಗೆ ಹಾಕ್ಕೊಳ್ಳಲಿಲ್ಲ. ನನ್ನ ಸಾಲು ಪರೀಕ್ಷೆಗೆ ಬೇಡ.”

ಹಾಗಾದರೆ ಉಳಿಯುವುದು ಆ ಮೋಟು ಬೇಲಿ ಒಂದೇ, ಅದಂತೂ ಸೊಂಟಕ್ಕೆ ಬರುವುದಿಲ್ಲ, ಕಂಬಿಯವನನ್ನು ಕರೆಸಲೇ ಅಂತ ಡಾಕ್ಟರಮ್ಮ ಕೇಳಿದರು.

“ಒಂದು ವಾರ ಇದೆಯಲ್ಲ,” ಅಂದ ಅವನು. “ಅವರ ಗಿಡ ಚೆನ್ನಾಗಿದೆ. ಕಣ್ಣಲ್ಲಿ ಅಳೀಬೇಡಿ. ಕೈಯಲ್ಲಿ ನೋಡಿ, ಆಮೇಲೆ ಹೇಳಿ.”

ಅವಳು ಮೆಟ್ಟಿಲಿಳಿದು ತೋಟಕ್ಕೆ ಬಂದಳು. ಕಾಲು ತಾನಾಗಿ ನಡೆದಿತ್ತು. ಕಾಮಿನಿಯ ಸಾಲಿನ ಮುಂದೆ ಮಂಡಿಯೂರಿ, ಕನ್ನಡಕ ತೆಗೆದು, ಕಣ್ಣು ಮುಚ್ಚಿ ಬುಡಕ್ಕೆ ಕೈ ತೂರಿಸಿದಳು.

ಕೈ ಹೋಗಲಿಲ್ಲ. ಒತ್ತಿದಳು. ಕವಲಿನೊಳಗೆ ಕವಲು, ಎಲೆಯೊಳಗೆ ಎಲೆ... ವಾಚಿನ ಪಟ್ಟಿ ಸಿಕ್ಕಿಕೊಂಡಿತು. ಆವತ್ತು ಸತ್ತ ಬೇಲಿ ಅವನ ತೋಳು ಹಿಡಿದಿತ್ತು. ಇವತ್ತು ಜೀವ ತುಂಬಿದ ಬೇಲಿ ಅವಳ ಕೈ ಹಿಡಿದಿತ್ತು.

ಕೈ ಬಿಡಿಸಿಕೊಂಡು ಸಾಲಿನ ಕೊನೆಗೆ, ಆ ಒಂಟಿ ಎತ್ತರದ ಗಿಡದ ಹತ್ತಿರ ಹೋದಳು. ಅದರ ಬುಡಕ್ಕೆ ಕೈ ಹಾಕಿದಳು.

ಕೈ ಸೀದಾ ಆ ಬದಿಗೆ ಹೋಗಿ ಗಾಳಿಯಲ್ಲಿ ನಿಂತಿತು.

ಮೇಲೆ ಕೊಡೆಯ ಹಾಗೆ ಎಲೆ. ಕೆಳಗೆ ಕಡ್ಡಿ. ಅವಳು ಫೋಟೊ ತೆಗೆಸಿಕೊಂಡ ಬೇಲಿ ಪೂರ್ತಿ ಹೀಗೇ ಇತ್ತು. ಅಜ್ಜ ಇಲ್ಲಿ ನಡೆದಿದ್ದರೆ...

‘ನಾನು ಏನಂದುಬಿಟ್ಟೆ ಅವನಿಗೆ!’

* * *

ಪರೀಕ್ಷೆಯ ದಿನ ಕೇಪಳದ ಸಾಲಿನ ಮುಂದೆ ‘ಇಲ್ಲಿ ಇರುವೆ ಇದೆ’ ಅಂತ ಹಗ್ಗ ಕಟ್ಟಿತ್ತು. ಡಾಕ್ಟರಮ್ಮ ಕಾಮಿನಿಯ ಪಕ್ಕ ಟೇಪು ಹಿಡಿದರು. ಮೊಣಕಾಲಿನ ಮೇಲೆ ಒಂದು ಗೇಣು. ಸೊಂಟಕ್ಕೆ ಇನ್ನೂ ಒಂದು ಗೇಣು ಬಾಕಿ.

“ನಾನು ಹೇಳಿದ್ದು ಸೊಂಟ,” ಅಂದರು.

ಕತ್ತರಿ ಏನೋ ಹೇಳಲು ಮುಂದೆ ಬಂದ. ಅವಳು ಕೈಯೆತ್ತಿ ತಡೆದಳು. ಅಜ್ಜನ ತೋಳು ಹಿಡಿದು ಆ ಕೊನೆಯ ಎತ್ತರದ ಗಿಡದ ಮುಂದೆ ನಿಲ್ಲಿಸಿ, ನಾನು ಪಕ್ಕದಲ್ಲೇ ಇದ್ದೀನಿ, ದಿನಾ ನಡೆಯೋ ಹಾಗೆ ನಡೀರಿ ಅಂದಳು.

ಅಜ್ಜನ ಕೈ ಮೇಲಿನ ಎಲೆ ಸವರಿತು. ಆಹಾ ಅಂದರು. ಮರುಕ್ಷಣ ಕೋಲು ಬುಡ ಹುಡುಕುತ್ತ ಹೋಗಿ ಏನೂ ಸಿಗದೆ ಒಳಗೆ ನುಗ್ಗಿತು, ಹಿಂದೆಯೇ ಕಾಲು. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆಮೇಲೆ ಕತ್ತರಿಸಿದ ಗಿಡಗಳ ಕಡೆ ತಿರುಗಿಸಿದಳು. ಈಗ ಅಜ್ಜ ಸ್ವಲ್ಪ ಬಗ್ಗಿ ನಡೆದರು. ಟಕ್, ಟಕ್, ಟಕ್... ಹನ್ನೊಂದು ಗಿಡಕ್ಕೂ ಕೋಲು ಬುಡಕ್ಕೆ ತಾಗಿ ವಾಪಸು ಬಂತು.

“ಒಳಗೆ ಅಸ್ತರ್ ಹಾಕಿ ಹೊಲಿದ ಕೋಟು ಇದು,” ಅಂದರು. “ಉದ್ದ ಆಮೇಲೆ ಬಿಟ್ಕೋಬಹುದು. ಅಸ್ತರ್ ಆಮೇಲೆ ಹಾಕೋಕಾಗಲ್ಲ.”

ಅವಳು ಡಾಕ್ಟರಮ್ಮನ ಮುಂದೆ ನಿಂತಳು. ಕನ್ನಡಕ ಜಾರಿತ್ತು, ಏರಿಸಿಕೊಳ್ಳಲಿಲ್ಲ.

“ಕಳೆದ ಸಲ ಪತ್ರದಲ್ಲಿ ಚಿಂತೆ ಬೇಡ ಅಂತ ಬರೆದಿದ್ದೆ. ಈ ಸಲ ಹಾಗೆ ಹೇಳಲ್ಲ. ಇನ್ನೂ ಆರು ತಿಂಗಳು ಬೇಕು. ಇದು ಸೊಂಟಕ್ಕೆ ಬರದೆ ಇದ್ದದ್ದು ಇವರ ತಪ್ಪಲ್ಲ. ಇವರು ಕತ್ತರಿಸದೆ ಇದ್ದಿದ್ರೆ ಇವತ್ತು ನಾನು ಗೆದ್ದು, ನಾಳೆ ಅಜ್ಜ ಬೀಳ್ತಿದ್ರು. ಅವತ್ತು ಎಲ್ಲರ ಮುಂದೆ ಇವರಿಗೆ ಮೋಸ ಮಾಡಿದ್ರಿ ಅಂದೆ. ಎಲ್ಲರ ಮುಂದೇನೇ ಹೇಳ್ತೀನಿ, ತಪ್ಪು ನಂದು.”

ಡಾಕ್ಟರಮ್ಮ ಅಜ್ಜನ ಕೈಯಿಂದ ಕೋಲು ಇಸಿದುಕೊಂಡು, ಕಣ್ಣು ಮುಚ್ಚಿ, ಕಾಮಿನಿಯ ಸಾಲಿನುದ್ದಕ್ಕೂ ತಾವೇ ನಡೆದರು. ಹೋಗಿ ಬಂದರು. ಇನ್ನೊಮ್ಮೆ ಹೋದರು. ಮೂರನೇ ಸಲ ಹೋದಾಗ ಅದು ಪರೀಕ್ಷೆಗಲ್ಲ, ಖುಷಿಗೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು.

“ಕಂಬಿಯವನಿಗೆ ಬರಬೇಡ ಅನ್ನಿ,” ಅಂದರು ಕಣ್ಣು ತೆರೆದು. “ಪೂರಾ ತೋಟಕ್ಕೆ ಇದೇ ಗಿಡ. ಬೆಳೆಯೋವರೆಗೆ ಸೊಂಟದೆತ್ತರಕ್ಕೆ ಹಗ್ಗ ಕಟ್ಟಿ.”

* *

ಎಲ್ಲರೂ ಹೋದ ಮೇಲೆ ಬೇಲಿಯ ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಅವನು. ನಡುವೆ ಆ ಒಂಟಿ ಎತ್ತರದ ಗಿಡ. ಬೆಂಚಿನ ಮೇಲೆ ಟೈಲರಜ್ಜ ನಿದ್ದೆ ಬಂದವರ ಹಾಗೆ ಕೂತಿದ್ದರು.

“ಇದೊಂದನ್ನ ಯಾಕೆ ಬಿಟ್ರಿ?” ಅಂದಳು ಅವಳು.

“ಮುಟ್ಟಬೇಡಿ ಅಂದಿದ್ರಲ್ಲ. ಹನ್ನೊಂದರಲ್ಲಿ ನಿಮ್ಮ ಮಾತು ಮುರಿದೆ. ಒಂದರಲ್ಲಾದ್ರೂ ಉಳಿಸ್ಕೋಬೇಕು ಅನ್ನಿಸ್ತು.” ಅವನು ಕತ್ತರಿಯ ಹಿಡಿ ಒರೆಸುತ್ತಿದ್ದ, ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. “ಕತ್ತರಿಸಿದ್ದು ಗಿಡಕ್ಕೆ ಸರಿ. ನಿಮ್ಮನ್ನ ಕೇಳದೆ ಮಾಡಿದ್ದು ಸರಿ ಅಲ್ಲ. ಬಸ್ ಹತ್ತಿ ಬಂದು, ಎದುರು ನಿಂತು ಕೇಳಬೇಕಿತ್ತು. ಇನ್ನು ಮೇಲೆ ಕೇಳದೆ ಏನೂ ಮಾಡಲ್ಲ.”

“ಹಾಗಾದ್ರೆ ನಾನೊಂದು ಕೇಳ್ತೀನಿ. ವರ್ಷದಿಂದ ತಲೆ ತಿಂತಾ ಇದೆ. ಊರಿನವರ ದನಿಯೆಲ್ಲ ಮಾಡ್ತೀರ. ನನ್ನದು ಯಾಕೆ ಬರಲ್ಲ?”

ಅವನು ತಲೆ ತಗ್ಗಿಸಿದ. ಕಿವಿಗಳು ಮೊದಲ ದಿನದ ಹಾಗೆ ಕೆಂಪಾದವು.

“ಒಬ್ಬರ ದನಿ ಮಾಡಬೇಕು ಅಂದ್ರೆ ಸ್ವಲ್ಪ ದೂರ ನಿಂತು ಅವರನ್ನ ನೋಡಬೇಕು. ನಿಮ್ಮಿಂದ ಅಷ್ಟು ದೂರ ನಿಲ್ಲೋಕೆ ನನಗೆ ಆಗ್ಲಿಲ್ಲ. ಈ ಮೂರು ತಿಂಗಳು ದೂರ ಇದ್ರಿ... ಆಗ ಬರೋಕೆ ಶುರುವಾಯ್ತು. ಯಾರೂ ಇಲ್ಲದಾಗ ಮಾಡ್ತಿದ್ದೆ.”

ಅವಳಿಗೆ ಇಷ್ಟು ದಿನ ಹುಡುಕಿದ ಉತ್ತರ ಸಿಕ್ಕಾಗ ಇಟ್ಟುಕೊಳ್ಳಲು ಜಾಗ ಸಾಲಲಿಲ್ಲ.

“ಮಾಡಿ,” ಅಂದಳು ಮೆಲ್ಲಗೆ. “ಒಂದೇ ಒಂದು ಸಲ.”

ಅವನು ಕಣ್ಣು ಮುಚ್ಚಿದ. ಮೂಗಿನ ದನಿಯಲ್ಲ, ಅಣಕವಲ್ಲ. ಸ್ವಲ್ಪ ಅವಸರ, ಸ್ವಲ್ಪ ಹಟ, ಕೊನೆಗೆ ಕನ್ನಡಕದ ಒಂದು ಸಣ್ಣ ತಡೆ. ಥೇಟ್ ಅವಳೇ.

“ನಾನು ಬರೋವರೆಗೆ ಕತ್ತರಿ ಮುಟ್ಟಿಸಬೇಡಿ.”

ಅವಳು ಗಿಡ ಬಳಸಿ ಅವನ ಬದಿಗೆ ಬಂದಳು.

“ಬಂದೆ,” ಅಂದಳು. “ಇನ್ನು ಹೋಗಲ್ಲ. ಕೇಳಬೇಕು ಅಂತಿದ್ರೆ ಕೇಳಿ, ಹೂಂ ಅಂತಲೇ ಹೇಳೋದು.”

ಅವನು ಕೇಳಿದ. ಏನು ಕೇಳಿದ ಅನ್ನುವುದು ಅಜ್ಜನಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಆ ದುಃಖ ಅವರಿಗೆ ಇವತ್ತಿಗೂ ಇದೆ. ಅವಳು ಹೂಂ ಅಂದದ್ದು ಮಾತ್ರ ಕೇಳಿಸಿತು.

ದೊಡ್ಡ ಕತ್ತರಿಗೆ ಎರಡು ಹಿಡಿ. ಒಂದನ್ನು ಅವಳು ಹಿಡಿದಳು, ಒಂದನ್ನು ಅವನು. ಇಬ್ಬರೂ ಆ ಕೊನೆಯ ಗಿಡದ ಮುಂದೆ ಬಗ್ಗಿದರು.

“ಎಷ್ಟು ಬಿಡೋಣ?” ಅಂದ ಅವನು.

“ಒಂದು ಗೇಣು.”

“ಯಾರ ಗೇಣು? ನಿಮ್ಮದಾ, ನನ್ನದಾ?”

“ಇನ್ನೂ ಬೇರೆ ಬೇರೆ ಅಳತೆ ಯಾಕ್ರೀ?” ಅಂದಳು ಅವಳು.